ನೊಣಮಂಗಲದ ತಾಮ್ರಪಟಗಳು ಮತ್ತು ನೆಗೆಟಿವ್‌ಗಳ ಚೌಕಟ್ಟು

ಗಂಗ ಅರಸರು ತಮ್ಮನ್ನು ಕುವಳಾಲಪುರದ ಒಡೆಯರೆಂದು ಕರೆದುಕೊಂಡದ್ದು ಶಾಸನಾಭ್ಯಾಸಿಗಳಿಗೆ ವಿದಿತವೇ ಆಗಿದೆ. ಆ ಕುವಳಾಲವೇ ಇಂದಿನ ಕೋಲಾರ. ಈ ಸೀಮೆಯಲ್ಲಿ ಜಿನಾಲಯಗಳಿಗೆ ದೊರೆತ ರಾಜಾಶ್ರಯಕ್ಕೆ ಬಹು ಪ್ರಾಚೀನ ಆಧಾರಗಳೆಂದರೆ ಮಾಲೂರು ತಾಲೂಕಿನ ನೊಣಮಂಗಲದಲ್ಲಿ, ಪಾಳುಬಿದ್ದ ಬಸದಿಯ ನಿವೇಶನದಲ್ಲಿ ದೊರೆತ ಎರಡು ತಾಮ್ರಶಾಸನಗಳು. ಮಾಧವನ ದಾನವು ಆಚಾರ್ಯ ವೀರದೇವನ ಉಪದೇಶದಿಂದ ಪೆರ್ಬೊಳಲಿನ ಅರ್ಹದಾಯತನಕ್ಕೆ ಸಂದಿತು. ಅವನ ಮಗ ಅವಿನೀತನ ದಾನವು ವಿಜಯಕೀರ್ತಿಯ ಉಪದೇಶದಿಂದ, ಮೂಲಸಂಘದ ಚಂದ್ರನಂದಿ ಮೊದಲಾದವರು ಸ್ಥಾಪಿಸಿದ ಉರನೂರಿನ ಅರ್ಹದಾಯತನಕ್ಕೆ ಸಂದಿತು. ಬಿ. ಎಲ್. ರೈಸರು 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಇವು ಮಾಲೂರು 72 ಮತ್ತು 73ನೆಯ ಸಂಖ್ಯೆಗಳಾಗಿ ಅಚ್ಚಾದವು.

ಗಂಗರ ಪ್ರಾಚೀನ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟರು ಸಂಶಯಪಟ್ಟದ್ದೂ, ರೈಸರು ಅದನ್ನು ಒಪ್ಪದೆ ಹೋದದ್ದೂ ಪ್ರಸಿದ್ಧವಾದ ವಿವಾದ. ಫ್ಲೀಟರ ನಿಕಷಗಳಲ್ಲಿ ಲಿಪಿಯೂ ಒಂದು. ಖ, ಬ ಮುಂತಾದ ಅಕ್ಷರಗಳು ಹಳೆಯ ಚೌಕ ರೂಪದಲ್ಲಿವೆಯೋ ಅಥವಾ ಅನಂತರದ ದುಂಡು ರೂಪದಲ್ಲಿವೆಯೋ ಎಂಬುದನ್ನು ನೋಡಿ ಅವರು ಕಾಲವನ್ನು ತೂಗಿದರು. ಬಕಾರದ ಹಳೆಯ ರೂಪ ಮುಚ್ಚಿದ ಪೆಟ್ಟಿಗೆಯಂತಿದ್ದರೆ, ಈಚಿನದರಲ್ಲಿ ಅದರ ಬಾಯಿ ತೆರೆದಿರುತ್ತದೆ. ಮೂಲಪಟವನ್ನು ಕೈಯಲ್ಲಿ ಹಿಡಿದು ನೋಡುವ ಭಾಗ್ಯ ಎಲ್ಲ ವಿದ್ವಾಂಸರಿಗೂ ಇರುವುದಿಲ್ಲ. ಬಹುಮಂದಿ ನೋಡುವುದು ಅದರ ಪ್ರತಿಕೃತಿಯನ್ನೇ. ಪ್ರತಿಕೃತಿಯು ಸ್ವಲ್ಪ ಮಸುಕಾದರೂ ತೆರೆದ ಬಾಯಿ ಮುಚ್ಚಿದಂತೆ ಕಂಡು, ಶಾಸನದ ವಯಸ್ಸು ಶತಮಾನಗಳಷ್ಟು ಹಿಂದಕ್ಕೆ ಸರಿಯಬಹುದು. ಇಂದು ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನರಿನಲ್ಲಿ ಪ್ರತಿಮಾಡುವಾಗ ಈ ಮಸುಕು ಹುಟ್ಟುವ ಸ್ಥಾನ ಬಹುಮಟ್ಟಿಗೆ ಒಂದೇ: ಫಿಲ್ಮನ್ನು ಹಿಡಿಯುವ ಚೌಕಟ್ಟು, ಅಂದರೆ ಹೋಲ್ಡರು.

ಓಲೆಯ ಕಟ್ಟಿಗೆ ಮೇಲೆ ಕೆಳಗೆ ಹಲಗೆಯಿಟ್ಟು ಬಿಗಿಯುವ ಪದ್ಧತಿಯನ್ನು ಬಲ್ಲವರಿಗೆ ಇದರ ಮರ್ಮ ಬೇಗನೆ ತಿಳಿಯುತ್ತದೆ. ಓಲೆಯಂತೆಯೇ ಫಿಲ್ಮೂ ಸುರುಳುವ ವಸ್ತು. ಅದು ಲೇಪವಿರುವ ಕಡೆಗೆ ಬಾಗುತ್ತದೆ. ಚಪ್ಪಟೆ ಸ್ಕ್ಯಾನರಿನ ಮಸೂರಕ್ಕೆ ಸಾಮಾನ್ಯವಾಗಿ ನಿಯತವಾದ ದೃಷ್ಟಿದೂರವಿರುತ್ತದೆ. ಚೌಕಟ್ಟಿನ ಕೆಲಸವು ಫಿಲ್ಮನ್ನು ಗಾಜಿನಿಂದ ಎರಡು ಮೂರು ಮಿಲಿಮೀಟರ್ ಎತ್ತರದಲ್ಲಿ, ಆ ದೂರಕ್ಕೆ ಸರಿಯಾಗಿ, ಸಮತಲವಾಗಿ ನಿಲ್ಲಿಸುವುದು. ನಡುವೆ ಅರ್ಧ ಮಿಲಿಮೀಟರ್ ಉಬ್ಬಿದರೂ ಅಂಚಿನ ಅಕ್ಷರಗಳು ಸ್ಪಷ್ಟವಾಗಿದ್ದು ನಡುವಿನವು ಕದಡುತ್ತವೆ. ಪಾದಗಳ ಎತ್ತರವನ್ನು ಬದಲಿಸಲು ಬರುವ ಚೌಕಟ್ಟನ್ನೇ ಆರಿಸಬೇಕು. ಒಂದೇ ಚಿತ್ರವನ್ನು ಮೂರು ಎತ್ತರಗಳಲ್ಲಿ ಪ್ರತಿಮಾಡಿ, ಅಕ್ಷರದ ಅಂಚು ಯಾವುದರಲ್ಲಿ ಹರಿತವಾಗಿದೆಯೋ ಅದನ್ನು ನಿಶ್ಚಯಿಸಬೇಕು. ತಯಾರಕರು ಇಟ್ಟುಕೊಟ್ಟ ಎತ್ತರವೇ ಸರಿಯೆಂದು ನಂಬುವುದು ಲಿಪಿಕಾರನ ಪ್ರತಿಯನ್ನು ಮೂಲದೊಡನೆ ಹೋಲಿಸದೆ ಒಪ್ಪಿದಂತೆಯೇ ಸರಿ.

ಇಲ್ಲಿ ಲೆಕ್ಕವೊಂದನ್ನು ಮಾಡಿ ನೋಡುವುದು ಉಚಿತ. 60 ಸೆಂಟಿಮೀಟರ್ ಉದ್ದದ ಓಲೆಗರಿಯನ್ನು ಇಡಿಯಾಗಿ 35 ಮಿ.ಮೀ. ಫಿಲ್ಮಿನ 36 ಮಿ.ಮೀ. ಅಗಲದ ಚಿತ್ರದೊಳಗೆ ಹಿಡಿಸಿದರೆ ಅದು ಸುಮಾರು ಹದಿನೇಳರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. 4 ಮಿ.ಮೀ. ಎತ್ತರದ ಅಕ್ಷರ ಕಾಲು ಮಿಲಿಮೀಟರಿಗೂ ಕಡಿಮೆಯಾಗುತ್ತದೆ; 0.8 ಮಿ.ಮೀ. ಬಿಂದು 0.05 ಮಿ.ಮೀ.ಗೂ ಕಿರಿದಾಗುತ್ತದೆ. ಅಂಗುಲಕ್ಕೆ 2400 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಆ ಬಿಂದುವಿಗೆ ದೊರೆಯುವುದು ನಾಲ್ಕೈದು ಚುಕ್ಕೆ, 1200ರಲ್ಲಾದರೆ ಎರಡು ಮಾತ್ರ. ಅನುಸ್ವಾರ ಉಂಟೋ ಇಲ್ಲವೋ ಎಂಬುದು ಇಷ್ಟರ ಮೇಲೆ ನಿಂತಿರುವಾಗ ಚೌಕಟ್ಟಿನ ಉಬ್ಬುತಗ್ಗು ಅಲ್ಪವಿಷಯವಲ್ಲ. ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ ಇರಬೇಕೆ ಬೇಡವೆ ಎಂದು ಎಷ್ಟು ಚರ್ಚೆ ನಡೆಯಿತೆಂಬುದನ್ನೂ, ಮೂಡಬಿದಿರೆಯ ತಾಡವಾಲೆಯನ್ನು ನೋಡಿದ ಮೇಲೆಯೇ ಆ ಪಾಠ ದೃಢಪಟ್ಟಿತೆಂಬುದನ್ನೂ ಈ ಪತ್ರಿಕೆಯ ವಾಚಕರಿಗೆ ನೆನಪಿಸಬೇಕಾದ ಅಗತ್ಯವಿಲ್ಲ.

ಚೌಕಟ್ಟಿನ ಕಿಂಡಿಯ ಅಳತೆಯೂ ವಿಚಾರಾರ್ಹವಾದುದು. ಅನೇಕ ಚೌಕಟ್ಟುಗಳ ಕಿಂಡಿ ಚಿತ್ರಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿದ್ದು ಅಂಚನ್ನು ಮುಚ್ಚುತ್ತದೆ. ಮೇಲಿನ ಲೆಕ್ಕದಂತೆ ಫಿಲ್ಮಿನ ಒಂದು ಮಿಲಿಮೀಟರ್ ಮರೆಯಾದರೆ ಗರಿಯಲ್ಲಿ 17 ಮಿಲಿಮೀಟರ್ ಮರೆಯಾಯಿತು. ಎಡ ಅಂಚಿನ ಪತ್ರಾಂಕ ಇರುವುದು ಅಲ್ಲಿಯೇ. ಪತ್ರಾಂಕ ಹೋದ ಮೇಲೆ ಗರಿಗಳ ಕ್ರಮವನ್ನು ವಾಕ್ಯಾನ್ವಯದಿಂದ ಊಹಿಸುವ ಕಷ್ಟ ಸಂಪಾದಕನಿಗೆ ಉಳಿಯುತ್ತದೆ. ಆದುದರಿಂದ ಚಿತ್ರದ ಸುತ್ತಲಿನ ಖಾಲಿ ಫಿಲ್ಮೂ ಕಾಣುವಂತಹ ಅಗಲ ಕಿಂಡಿಯೇ ಬೇಕು. ಫಿಲ್ಮಿನ ಅಂಚಿನಲ್ಲಿ ಮುದ್ರಿತವಾದ ಚಿತ್ರಸಂಖ್ಯೆಯೂ ಆಧಾರವೇ: ತಾಮ್ರಪಟದ ಯಾವ ಬದಿಯನ್ನು ಯಾವುದರ ಅನಂತರ ತೆಗೆದರೆಂಬುದನ್ನು ಅದು ಹೇಳುತ್ತದೆ.

ಫಿಲ್ಮಿನ ಮೇಲೆ ಗಾಜನ್ನಿಟ್ಟು ಒತ್ತಿದರೆ ಅದು ಚಪ್ಪಟೆಯಾಗುವುದೇನೋ ನಿಜ. ಆದರೆ ನಯವಾದ ಎರಡು ಮೈಗಳು ತಾಗಿದೆಡೆ ನ್ಯೂಟನ್ನನ ಹೆಸರಿನ ವರ್ಣವಲಯಗಳು ಏಳುತ್ತವೆ. ಅಕ್ಷರಗಳ ಮೇಲೆ ಹರಡಿದ ಈ ವಲಯಗಳನ್ನು ತಾಮ್ರದ ಕಿಲುಬೆಂದೋ ಓಲೆಯ ಕಲೆಯೆಂದೋ ಭ್ರಮಿಸುವ ಸಂಭವವುಂಟು. ಅದಕ್ಕೆಂದೇ ಒಂದು ಮೈಯನ್ನು ತುಸು ಒರಟುಮಾಡಿದ ಗಾಜು ದೊರೆಯುತ್ತದೆ. ಅದರ ಒರಟು ಮೈ ಫಿಲ್ಮಿನ ಹೊಳೆಯುವ ಮೈಗೆ ತಾಗಿರಬೇಕು. ದ್ರವ ಸವರಿ ಅಂಟಿಸುವ ಕ್ರಮವೂ ಉಂಟು. ಮೂಲವೇ ನಷ್ಟವಾಗಿ ನೆಗೆಟಿವ್ ಒಂದೇ ಉಳಿದಿರುವಲ್ಲಿ ಅದಕ್ಕೆ ಕೈಹಾಕದಿರುವುದು ಮೇಲು. ಬಹಳ ಸುರುಳಿದ ಫಿಲ್ಮನ್ನು ಶುದ್ಧವಾದ ಕಾಗದಗಳ ನಡುವೆ ಹಗುರವಾದ ಭಾರದಡಿ ಕೆಲವು ದಿನವಿಟ್ಟು ಹದಗೊಳಿಸಬಹುದು, ತ್ವರೆ ಸಲ್ಲದು. ಫಿಲ್ಮನ್ನು ತಿರುವುಮುರುವಾಗಿ ಇಟ್ಟರೆ ಅಕ್ಷರಗಳೇ ದೋಷವನ್ನು ಸಾರುತ್ತವೆ. ಬರಹವಿಲ್ಲದ ಚಿತ್ರಗರಿಗಳಲ್ಲಿ ಮಾತ್ರ ಬಲದ ರಂಧ್ರ ಎಡಕ್ಕೆ ಬಂದು ಮೋಸಗೊಳಿಸಬಹುದು.

ರೈಸರ ಕಾಲದ ಛಾಯಾಚಿತ್ರಣ ಪ್ರಾಯಶಃ ಗಾಜಿನ ಫಲಕಗಳ ಮೇಲೆ ನಡೆಯುತ್ತಿತ್ತು. ಅಂತಹ ಫಲಕಗಳನ್ನು ಫಿಲ್ಮಿನ ಚೌಕಟ್ಟಿಗೆ ತುರುಕಬಾರದು, ಮೂಲೆ ಮುರಿಯುತ್ತದೆ. ತೆಳುವಾದ ರಟ್ಟಿನ ಅಂಚುಪಟ್ಟಿಯ ಮೇಲೆ, ಲೇಪವು ಯಾವುದಕ್ಕೂ ಉಜ್ಜದಂತೆ ಇಡುವುದು ಕ್ಷೇಮ. ಹಳದಿಗಟ್ಟಿ ಜಿಗುಟಾದ ನೈಟ್ರೇಟ್ ಫಿಲ್ಮ್ ಬೇಗನೆ ಹೊತ್ತಿಕೊಳ್ಳುವ ಸ್ವಭಾವದ್ದಾದುದರಿಂದ ಅದನ್ನು ದೀಪದ ಕಾವಿಗೆ ಒಡ್ಡದೆ ಬೇರೆಯಾಗಿ ಇರಿಸಬೇಕು.

ಕೊನೆಗೆ, ಪ್ರತಿಗಳಿಗೆ ಹೆಸರಿಡುವ ಕ್ರಮ. ಹತ್ತನೆಯ ಸಂಪುಟವು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮೊದಲಾದ ತಾಲೂಕುಗಳಿಗೆ ಪ್ರತ್ಯೇಕ ಸಂಖ್ಯೆಗಳನ್ನು ಕೊಟ್ಟಿದೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದುದರಿಂದ ಆ ಸಂಪುಟದ ಚಿಂತಾಮಣಿ, ಶಿಡ್ಲಘಟ್ಟ ಮುಂತಾದವು ಈಗ ಕೋಲಾರಕ್ಕೆ ಸೇರಿಲ್ಲ. ಆದರೂ ವಿದ್ವಲ್ಲೋಕದಲ್ಲಿ ಬಳಕೆಯಲ್ಲಿರುವುದು ಹಳೆಯ ಸಂಖ್ಯೆಯೇ ಆದುದರಿಂದ ‘ಮಾಲೂರು 72, ಪಟ 2, ಹಿಂಬದಿ’ ಎಂದು ಬರೆದು, ಜೊತೆಗೆ ಫಿಲ್ಮಿನ ಅಂಚಿನ ಸಂಖ್ಯೆಯನ್ನೂ ಚೌಕಟ್ಟಿನ ಎತ್ತರವನ್ನೂ ನಮೂದಿಸಬೇಕು.