ಬಗ್ಗಿದ ರಿಮ್ಮಿನ ಚರಿತ್ರೆ (ನಮ್ಮೂರ ಗಾಡಿ ಕಥೆ, ಭಾಗ 3)

ಹ್ವಾಯ್, ಮೊದಲ ಫೋಟೋ ಸ್ವಲ್ಪ ಝೂಮ್ ಮಾಡಿ ಕಾಣಿ. ರಿಮ್ಮಿನ ಒಳಬದಿ ಅಂಚಲ್ಲಿ ಕೂದಲೆಳೆಯಷ್ಟು ಒಂದು ಗೆರೆ ಇದೆ. ಇದು ಕೊಲ್ಲೂರಿಂದ ಕೊಡಚಾದ್ರಿಗೆ ಬಾಡಿಗೆ ಹೋಗುವ ನನ್ನ ಮಾವನ ಜೀಪಿನದ್ದು.

ಕೊಡಚಾದ್ರಿ 1343 ಮೀಟರ್ ಎತ್ತರ. ಮೇಲಿನ ದಾರಿ ಅಂದ್ರೆ ಕಲ್ಲು, ಹೊಂಡ, ಕೆಸರು. ಹೋದವರಿಗೆ ಗೊತ್ತು, ಇಳಿಯುವಾಗ ಸೊಂಟ ಹಿಡ್ಕಂಡೇ ಇಳಿಯೋದು. ಅಲ್ಲಿ ರಿಮ್ ಬಗ್ಗೋದು ಹೊಸ ಸುದ್ದಿ ಅಲ್ಲ. ಆದ್ರೆ ಬಗ್ಗಿದ್ದನ್ನ ನೆಟ್ಟಗೆ ಮಾಡುವ ಹಳೇ ವಿದ್ಯೆ ಈಗ ಕೈ ಕೊಡ್ತಾ ಇದೆ.

ಎತ್ತಿನಗಾಡಿ ಕಾಲದಲ್ಲಿ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕ್ತಿದ್ರು. ಪಟ್ಟಿಯನ್ನ ಬೆಂಕಿಯಲ್ಲಿ ಕಾಯಿಸಿ, ಅದು ಹಿಗ್ಗಿದಾಗ ಚಕ್ರಕ್ಕೆ ತೊಡಿಸಿ, ಕೂಡಲೇ ನೀರು ಹೊಯ್ಯೋದು. ತಣಿದು ಕುಗ್ಗಿದ ಪಟ್ಟಿ ಚಕ್ರವನ್ನ ಬಿಗಿಯಾಗಿ ಹಿಡೀತಿತ್ತು. ಕಾವು ಎಷ್ಟಾಯ್ತು ಅಂತ ಕಬ್ಬಿಣದ ಬಣ್ಣವೇ ಹೇಳ್ತಿತ್ತು.

ಆಮೇಲೆ ಜೀಪ್. 1941ರ ಹೊತ್ತಿಗೆ ಅಮೆರಿಕದಲ್ಲಿ ಯುದ್ಧಕ್ಕೆ ಅಂತ ಮಾಡಿದ ವಿಲ್ಲಿಸ್ ಗಾಡಿಯನ್ನ 1947ರಿಂದ ಮಹೀಂದ್ರಾದವರು ನಮ್ಮಲ್ಲಿ ಜೋಡಿಸೋಕೆ ಶುರು ಮಾಡಿದ್ರು. 16 ಇಂಚಿನ ಸ್ಟೀಲ್ ರಿಮ್, ಒಳಗೆ ಟ್ಯೂಬ್. ಅಂಚು ಸ್ವಲ್ಪ ಸೊಟ್ಟ ಆದ್ರೂ ಗಾಳಿ ಟ್ಯೂಬಿನೊಳಗೇ ಇರ್ತದೆ, ಹಾಗಾಗಿ ಸುತ್ತಿಗೆಯಲ್ಲಿ ನಾಲ್ಕು ಪೆಟ್ಟು ಕೊಟ್ರೆ ಕೆಲಸ ಮುಗೀತು. ಕುಲುಮೆಯ ವಿದ್ಯೆ ಸೀದಾ ಗ್ಯಾರೇಜಿಗೆ ಬಂತು.

ಅಲ್ಯೂಮಿನಿಯಂ ರಿಮ್ ರೇಸಿಂದ ಬಂದದ್ದು. 1924ರಲ್ಲಿ ಬುಗಾಟಿ ಟೈಪ್ 35 ಕಾರಿಗೆ ಎರಕ ಹೊಯ್ದ ಅಲ್ಯೂಮಿನಿಯಂ ಚಕ್ರ ಇತ್ತು. ನಮ್ಮ ಕಡೆ ರೀಲ್ಸಲ್ಲಿ ಎಲ್ಲರೂ ಹಾಕುವ 2020ರ ಥಾರ್ ಇದೆಯಲ್ಲ, ಅದರಲ್ಲಿ ಎಲ್‌ಎಕ್ಸ್‌ಗೆ 18 ಇಂಚಿನ ಅಲಾಯ್. ಅದನ್ನ ಕಂಡೇ ಮಾವ ತಮ್ಮ ಹಳೇ ಜೀಪಿಗೆ ಸೆಕೆಂಡ್ ಹ್ಯಾಂಡ್ ಅಲಾಯ್ ಹಾಕ್ಸಿದ್ದು. (ಐಡಿಯಾ ಕೊಟ್ಟದ್ದು ನಾನೇ, ಬೈಬೇಡಿ.)

ಮಳೆಗಾಲ ಮುಗಿಯುವಾಗ ಒಂದು ರಿಮ್ ಬಗ್ಗಿತು. ಹೈವೇ ಬದಿಯ ಒಂದು ಕಡೆ ಗ್ಯಾಸ್ ಟಾರ್ಚಲ್ಲಿ ಕಾಯಿಸಿ, ಹೊಡೆದು, ಪೇಂಟ್ ಮಾಡಿ ಕೊಟ್ರು. ಹೊಸದರ ಹಾಗೇ ಇತ್ತು. ಆದ್ರೆ ದಿನಾ ಬೆಳಿಗ್ಗೆ ಗಾಳಿ ಇಳೀತಿತ್ತು. ಟ್ಯೂಬ್‌ಲೆಸ್ ಅಲ್ವಾ, ಗಾಳಿ ತಡೆಯುವ ಗೋಡೆಯೇ ರಿಮ್. ಸೋಪ್ ನೀರು ಹಾಕಿ ಕಂಡಾಗ ಆ ಗೆರೆಯಿಂದ ಗುಳ್ಳೆ ಎದ್ದಿತು.

ನಮ್ಮೂರ ಹಳೇ ಕಮ್ಮಾರರೊಬ್ಬರಿಗೆ ತೋರ್ಸಿದೆ. "ಕಬ್ಬಿಣ ಆರೆ ಬಣ್ಣ ಕಂಡ್ ಹೇಳ್ಲಕ್, ಇದ್ ಕಾದದ್ದೇ ಗೊತ್ತಾತಿಲ್ಲೆ" ಅಂದ್ರು. ವಿಷಯ ಇರೋದೇ ಅಲ್ಲಿ. ಅಲ್ಯೂಮಿನಿಯಂ ಕೆಂಪಾಗುವ ಮೊದಲೇ ಕರಗಿ ಹೋಗ್ತದೆ. ಶುದ್ಧವಾದದ್ದು 660 ಡಿಗ್ರಿಗೆ, ರಿಮ್ಮಿನ ಮಿಶ್ರಲೋಹ ಇನ್ನೂ ಬೇಗ. ರಿಮ್ಮಿಗೆ ಗಟ್ಟಿತನ ಬರೋದು ಕಾರ್ಖಾನೆಯಲ್ಲಿ: ಸುಮಾರು 540 ಡಿಗ್ರಿಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ ಸುಮಾರು 150 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡ್ತಾರೆ. ಟಾರ್ಚ್ ಹಿಡಿದಲ್ಲಿ ಆ ಗಟ್ಟಿತನ ಹೋಗ್ತದೆ, ತಣ್ಣಗಿರುವಾಗ ಹೊಡೆದ್ರೆ ಎರಕದ ಲೋಹ ಬಿರುಕು ಬಿಡ್ತದೆ. ಸಣ್ಣ ಬೆಂಡ್ ಆದ್ರೆ ಅಳತೆಯ ಕಾವು ಕೊಟ್ಟು ಹೈಡ್ರಾಲಿಕ್ ಪ್ರೆಸ್ಸಲ್ಲಿ ನಿಧಾನ ಒತ್ತಿ, ಬಣ್ಣದ ದ್ರಾವಣ ಹಚ್ಚಿ ಬಿರುಕು ಹುಡುಕಿ, ಆಮೇಲೆ ಟಯರ್ ಹಾಕ್ಬೇಕು. ಕಡ್ಡಿಯ ಹತ್ತಿರ ಬಿರುಕು ಇದ್ರೆ ರಿಪೇರಿ ಮಾತೇ ಇಲ್ಲ.

ನಮ್ಮದು ಅಂಚಲ್ಲೇ ಇತ್ತು. ವೆಲ್ಡಿಂಗ್ ಮಾಡಿಸಿದ್ರೆ ದುಡ್ಡು ಉಳೀತದೆ ಅಂತ ನಾನು ಬಿಕಾಂ ಬುದ್ಧಿ ತೋರ್ಸಿದೆ. ಮಾವ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ, "ಹಿಂದೆ ಎಂಟ್ ಜನ ಕೂಕಂತ್ರ್ ಮರಾಯ, ಬ್ಯಾಡ" ಅಂದ್ರು.

ಕೊನೇ ಫೋಟೋದಲ್ಲಿ ಇರೋದು ಅಟ್ಟದಿಂದ ಇಳಿಸಿದ ಹಳೇ ಸ್ಟೀಲ್ ರಿಮ್. ಸುತ್ತಿಗೆ ಪೆಟ್ಟಿನ ಗುರುತು ಎಣಿಸಿದೆ, ಏಳು. ಬ್ರಹ್ಮಾವರ, ಬೈಂದೂರು ಕಡೆಯವರ ಮನೆಯಲ್ಲಿ ಹಳೇ ಗಾಡಿ ಚಕ್ರ ಇದ್ರೆ ಫೋಟೋ ಕಳ್ಸಿ, ಭಾಗ 4ಕ್ಕೆ ಬೇಕು.