ಜೇನಿಗೆ ಉಣಿಸಿದ ಚರಿತ್ರೆ

ಮಧುವಿನ ಮಹಿಮೆಯನ್ನು ನಮ್ಮ ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಸುಶ್ರುತಸಂಹಿತೆಯಲ್ಲಿ ಪೌತ್ತಿಕ, ಭ್ರಾಮರ, ಕ್ಷೌದ್ರ, ಮಾಕ್ಷಿಕ, ಛಾತ್ರ, ಆರ್ಘ್ಯ, ಔದ್ದಾಲಕ, ದಾಲ ಎಂದು ಎಂಟು ಬಗೆಯ ಮಧುವನ್ನು ಹೇಳಿದೆ. ಚರಕಸಂಹಿತೆಯು ನಾಲ್ಕನ್ನು ಎಣಿಸುತ್ತದೆ. ಪೂಜ್ಯರು ಮನೆಗೆ ಬಂದರೆ ಮಧುಪರ್ಕ, ದೇವರಿಗೆ ಪಂಚಾಮೃತ, ರೋಗಿಗೆ ಔಷಧದ ಅನುಪಾನ, ಹೀಗೆ ಮಧುವಿಲ್ಲದೆ ನಡೆಯದ ಕಾರ್ಯಗಳು ಅನೇಕ. ಆದರೆ ಈ ಮಧುವನ್ನು ಕೂಡಿಸಿಟ್ಟ ಕೀಟಕ್ಕೂ ಹಸಿವಿನ ಕಾಲವೊಂದುಂಟು, ಆಗ ಅದಕ್ಕೆ ಉಣಿಸುವುದು ಮಧುವನ್ನು ಕೊಂಡವನ ಹೊಣೆ ಎಂಬ ತಿಳಿವಳಿಕೆಯು ಕನ್ನಡನಾಡಿನಲ್ಲಿ ನೆಲೆಗೊಂಡುದು ಬಹು ಈಚೆಗೆ. ಪೆಟ್ಟಿಗೆಯ ಜೇನುಸಾಕಣೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಹೊಣೆಯ ಚರಿತ್ರೆಯೇ ಆಗಿದೆ.

ನಮ್ಮಲ್ಲಿ ಹೆಜ್ಜೇನು, ಕೋಲುಜೇನು, ತುಡುವೆ, ಮುಜಂಟಿ ಎಂಬ ನಾಲ್ಕು ಬಗೆಯ ಜೇನುಗಳು ಪ್ರಸಿದ್ಧವಾಗಿವೆ. ಇವುಗಳಲ್ಲಿ ಹೆಜ್ಜೇನು ಎತ್ತರದ ಕೊಂಬೆಗೂ ಬಂಡೆಗೂ ಒಂದೇ ದೊಡ್ಡ ಎರಿಯನ್ನು ಕಟ್ಟಿ, ಹೂವಿನ ಕಾಲ ತೀರಿದೊಡನೆ ಹೊರಟುಹೋಗುವುದು. ತುಡುವೆಯಾದರೋ ಮರದ ಪೊಟರೆ, ಹುತ್ತ, ಗೋಡೆಯ ಬಿರುಕು ಮೊದಲಾದ ಕತ್ತಲೆಯ ತಾಣಗಳಲ್ಲಿ ಒಂದರ ಪಕ್ಕಕ್ಕೊಂದರಂತೆ ಹಲವು ಎರಿಗಳನ್ನು ಕಟ್ಟಿ ಸಂಸಾರ ಹೂಡುವುದು. ಆದುದರಿಂದ ಸಾಕಲು ಒದಗಿದುದು ತುಡುವೆಯೇ. ಮಡಕೆಯನ್ನೋ ಟೊಳ್ಳುಮರವನ್ನೋ ಇಟ್ಟು ಅದನ್ನು ಬರಮಾಡಿಕೊಳ್ಳುವ ವಾಡಿಕೆ ಹಿಂದಿನಿಂದಲೂ ಇದ್ದಿತು. ಆದರೆ ತುಪ್ಪ ಬೇಕಾದಾಗ ಎರಿಯನ್ನು ಕೊಯ್ದು ಹಿಂಡುವುದಲ್ಲದೆ ಬೇರೆ ದಾರಿಯಿರಲಿಲ್ಲ. ಹಿಂಡಿದ ತುಪ್ಪದೊಡನೆ ಮರಿಗಳೂ ಅರೆದುಹೋಗುತ್ತಿದ್ದುವು. ಉಳಿದ ಹುಳುಗಳು ಬರಿದಾದ ಮನೆಯನ್ನು ಬಿಟ್ಟು ಹೋಗುತ್ತಿದ್ದುವು.

ಇದು ನಮ್ಮ ದೇಶದ ದೋಷ ಮಾತ್ರವಲ್ಲ. ಯೂರೋಪಿನಲ್ಲಿ ಒಣಹುಲ್ಲಿನ ಬುಟ್ಟಿಗಳಲ್ಲಿ ಜೇನು ಸಾಕುತ್ತಿದ್ದವರು, ಚಳಿಗಾಲ ಬರುವ ಮುನ್ನ ಗಂಧಕದ ಹೊಗೆ ಹಾಕಿ ಹುಳುಗಳನ್ನು ಕೊಂದು ತುಪ್ಪವನ್ನು ತೆಗೆಯುವ ರೂಢಿಯೊಂದಿದ್ದಿತು. ಆದರೂ ಉಣಿಸುವ ವಿದ್ಯೆ ಅಲ್ಲಿ ಪುರಾತನವಾದುದು. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಕೃಷಿಗ್ರಂಥಕಾರನಾದ ಕೊಲುಮೆಲ್ಲನು, ಒಣ ಅಂಜೂರವನ್ನು ನೀರಿನಲ್ಲಿ ನೆನೆಸಿ ಕುಟ್ಟಿ ಕೊಡುವುದನ್ನೂ, ಸಿಹಿರಸದಲ್ಲಿ ಅದ್ದಿದ ಉಣ್ಣೆಯನ್ನು ಹುಳುಗಳ ಬಳಿ ಇಡುವುದನ್ನೂ ಹೇಳಿದ್ದಾನೆ. ಹುಳುವು ಉಣ್ಣೆಯ ಮೇಲೆ ಕುಳಿತು ಮುಳುಗದೆ ಹೀರಲೆಂಬುದು ಆತನ ಯುಕ್ತಿ.

ಕೊಲ್ಲದೆ ಕೊಳ್ಳುವ ಉಪಾಯವು ಹತ್ತೊಂಬತ್ತನೆಯ ಶತಮಾನದಲ್ಲಿ ಸಿದ್ಧಿಸಿತು. ಎರಿಗಳ ನಡುವೆ ಸುಮಾರು ಮೂರೆಂಟಾಂಶ ಅಂಗುಲದ ದಾರಿಯನ್ನು ಬಿಟ್ಟರೆ ಹುಳುಗಳು ಅದನ್ನು ಮೇಣದಿಂದ ಮುಚ್ಚದೆ ಓಡಾಟಕ್ಕೆ ಉಳಿಸಿಕೊಳ್ಳುವುವು ಎಂಬುದನ್ನು ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿಯು ೧೮೫೧ರಲ್ಲಿ ಮನಗಂಡನು. ಈ ಒಂದು ಅಳತೆಯಿಂದ, ಎರಿಯಿರುವ ಚೌಕಟ್ಟನ್ನು ಪುಸ್ತಕದ ಹಾಳೆಯಂತೆ ಎತ್ತಿ ನೋಡಿ ಮತ್ತೆ ಇಡುವುದು ಸಾಧ್ಯವಾಯಿತು. ೧೮೫೭ರಲ್ಲಿ ಜರ್ಮನಿಯ ಮೆರಿಂಗನು ಅಚ್ಚೊತ್ತಿದ ಮೇಣದ ಹಾಳೆಯನ್ನೂ, ೧೮೬೫ರಲ್ಲಿ ರುಷ್ಕನು ಎರಿಯನ್ನು ತಿರುಗಿಸಿ ತುಪ್ಪವನ್ನು ಮಾತ್ರ ಚಿಮ್ಮಿಸುವ ಯಂತ್ರವನ್ನೂ ಕಂಡುಹಿಡಿದರು. ಎರಿಯು ಮುರಿಯದೆ ಹುಳುವಿಗೆ ಹಿಂದಿರುಗಿತು. ಇದು ಸಣ್ಣ ಉಪಕಾರವಲ್ಲ. ಒಂದು ಪಾಲು ಮೇಣವನ್ನು ಸ್ರವಿಸಲು ಹುಳುಗಳು ಆರೆಂಟು ಪಾಲು ತುಪ್ಪವನ್ನು ತಿನ್ನುವುವೆಂದು ಬಲ್ಲವರ ಅಂದಾಜು.

ಆದರೆ ಈ ಯಂತ್ರದಲ್ಲಿ ಒಂದು ಅಪಾಯವೂ ಅಡಗಿದ್ದಿತು. ಮನೆಯನ್ನು ಕೆಡಿಸದೆಯೇ ಕಣಜವನ್ನು ಪೂರ್ಣವಾಗಿ ಬರಿದುಮಾಡುವ ಶಕ್ತಿಯು ಮನುಷ್ಯನ ಕೈಗೆ ಬಂದಿತು. ಹಾಗೆ ಬರಿದುಮಾಡಿದವನು ಬರಗಾಲದಲ್ಲಿ ತುಂಬಿಕೊಡಬೇಕಾಯಿತು.

ಭಾರತದಲ್ಲಿ ೧೮೮೨ರಿಂದ ಬಂಗಾಳದಲ್ಲಿಯೂ ಆಮೇಲೆ ಪಂಜಾಬಿನಲ್ಲಿಯೂ ನಡೆದ ಮೊದಲ ಪ್ರಯತ್ನಗಳು ಹೆಚ್ಚಾಗಿ ಫಲಿಸಲಿಲ್ಲ. ದಕ್ಷಿಣದಲ್ಲಿ ತಿರುಚಿನಾಪಳ್ಳಿಯ ಪಾದ್ರಿ ನ್ಯೂಟನ್ನನು ೧೯೧೦ರ ಸುಮಾರಿಗೆ, ತುಡುವೆಯ ಮೈಗೂ ಸಂಸಾರಕ್ಕೂ ತಕ್ಕ ಚಿಕ್ಕ ಅಳತೆಯ ಪೆಟ್ಟಿಗೆಯನ್ನು ರೂಪಿಸಿ ೧೯೧೧ರಿಂದ ೧೯೧೭ರವರೆಗೆ ಅನೇಕರಿಗೆ ಶಿಕ್ಷಣ ಕೊಟ್ಟನು. ಆ ಪೆಟ್ಟಿಗೆಗೆ ಆತನ ಹೆಸರೇ ನಿಂತಿತು. ೧೯೨೪ರಲ್ಲಿ ತಿರುವಾಂಕೂರಿನಲ್ಲಿ ಸ್ಪೆನ್ಸರ್ ಹ್ಯಾಚನ ಯತ್ನದಿಂದ ಈ ಉದ್ಯಮವು ಆರಂಭವಾಯಿತು; ೧೯೨೫ರಲ್ಲಿ ಮೈಸೂರು ಸಂಸ್ಥಾನದಲ್ಲಿಯೂ ೧೯೩೪ರಲ್ಲಿ ಕೊಡಗಿನಲ್ಲಿಯೂ ಕಾಲಿಟ್ಟಿತು. ನಡುವೆ ೧೯೨೮ರಲ್ಲಿ ವ್ಯವಸಾಯದ ರಾಯಲ್ ಕಮಿಷನ್ನು ಇದನ್ನು ಗೃಹಕೈಗಾರಿಕೆಯಾಗಿ ಬೆಳೆಸಬೇಕೆಂದು ಶಿಫಾರಸು ಮಾಡಿದ್ದಿತು. ೧೯೩೬ರಲ್ಲಿ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘವು ಸ್ಥಾಪಿತವಾಗಿ, ಕೊಡಗಿನ ಜೇನುತುಪ್ಪವು ನಾಡಿಗೆಲ್ಲ ಪರಿಚಿತವಾಯಿತು.

ಇಲ್ಲಿ ಒಂದು ವಿಶೇಷವನ್ನು ವಾಚಕರು ಗಮನಿಸತಕ್ಕದ್ದು. ಪಾಶ್ಚಾತ್ಯ ಗ್ರಂಥಗಳೆಲ್ಲ ಹಿಮ ಬೀಳುವ ಚಳಿಗಾಲವನ್ನೇ ಹುಳುವಿನ ಬರಗಾಲವೆಂದು ವರ್ಣಿಸುವುವು. ನಮ್ಮ ಮಲೆನಾಡಿನಲ್ಲಿ ಬರಗಾಲವು ಮಳೆಯೊಡನೆ ಬರುವುದು. ಫೆಬ್ರವರಿಯಿಂದ ಮೇ ತಿಂಗಳವರೆಗೆ ಕಾಫಿ, ನೇರಳೆ, ಹೊಂಗೆ ಮೊದಲಾದುವು ಸಾಲಾಗಿ ಹೂಬಿಟ್ಟು ಎರಿಗಳು ತುಂಬುವುವು. ಜೂನಿನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರಿನವರೆಗೂ ಹುಳುವು ಹೊರಗೆ ಹಾರಲಾರದು, ಹಾರಿದರೂ ಹೂವಿನ ರಸವು ತೊಳೆದುಹೋಗಿರುವುದು. ಮತ್ತೊಂದು ಭೇದವು ಇದಕ್ಕಿಂತಲೂ ಮುಖ್ಯವಾದುದು. ಯೂರೋಪಿನ ಹುಳು ಹಸಿದರೆ ಬಹುಮಟ್ಟಿಗೆ ಗೂಡಿನಲ್ಲಿಯೇ ಸಾಯುವುದು. ನಮ್ಮ ತುಡುವೆಯು ಹಸಿದರೆ ಗೂಡನ್ನೇ ತೊರೆದು ಹೋಗುವುದು. ಬೇಸಗೆಯಲ್ಲಿ ಒಂದು ಸೇರು ತುಪ್ಪವನ್ನು ಹೆಚ್ಚಾಗಿ ತೆಗೆದವನು ಶ್ರಾವಣದಲ್ಲಿ ಪೆಟ್ಟಿಗೆಯ ಮುಚ್ಚಳವನ್ನು ತೆರೆದರೆ, ಬರಿಯ ಎರಿಗಳನ್ನೂ ಅವುಗಳಲ್ಲಿ ಬಲೆಕಟ್ಟಿದ ಮೇಣದ ಪತಂಗದ ಹುಳುಗಳನ್ನೂ ಕಾಣುವನು.

ಹಾಗೆಂದು ಚಳಿಯ ದಿನಗಳು ನಿಶ್ಚಿಂತೆಯವಲ್ಲ. ಮಳೆ ನಿಂತ ಮೇಲೆ ತುಡುವೆಗಳು ಬಲಗೊಂಡು ಹಿಂಡೊಡೆಯುವುದೂ, ಸಾಕುವವರು ಪೊಟರೆಯ ಹುಳುವನ್ನು ಪೆಟ್ಟಿಗೆಗೆ ತರುವುದೂ ಹೆಚ್ಚಾಗಿ ಆಗಲೇ. ಮಲೆನಾಡಿಗೂ ಬಯಲುಸೀಮೆಗೂ ನಡುವಣ ಚನ್ನಗಿರಿಯ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲವಾದರೂ, ಮಾರ್ಗಶಿರ ಪುಷ್ಯಗಳ ರಾತ್ರಿಗಳು ಹೊಸ ಸಂಸಾರಕ್ಕೆ ಕಠಿನವೇ ಸರಿ. ಮರಿಗಳಿರುವ ಎರಿಯನ್ನು ಹುಳುಗಳು ಸುಮಾರು ೩೫ ಡಿಗ್ರಿ ಸೆಂಟಿಗ್ರೇಡಿನ ಬಿಸುಪಿನಲ್ಲಿ ಕಾಪಾಡಬೇಕು. ಆ ಬಿಸುಪು ಅವುಗಳ ಹಾರುವ ಸ್ನಾಯುಗಳ ನಡುಕದಿಂದ ಹುಟ್ಟುವುದು. ಆ ನಡುಕಕ್ಕೆ ಸೌದೆಯೆಂದರೆ ತುಪ್ಪ. ಹಳೆಯ ಕಣಜವನ್ನು ಪೊಟರೆಯಲ್ಲಿ ಕಳೆದುಕೊಂಡು ಬಂದ ಹಿಂಡಿಗೆ ಅದೆಲ್ಲಿಯದು?

ಆದುದರಿಂದಲೇ ಅನುಭವಸ್ಥರಲ್ಲಿ ಒಂದು ಕ್ರಮವು ನಿಂತಿದೆ. ಪೊಟರೆಯ ಬಾಯನ್ನು ಹಿಗ್ಗಿಸಿ, ಎಳೆಯ ಹೊಗೆಯಿಂದ ಹುಳುಗಳನ್ನು ಸರಿಸಿ, ಮರಿಯೆರಿಗಳನ್ನು ಕೊಯ್ದು ಬಾಳೆನಾರಿನಿಂದ ಚೌಕಟ್ಟುಗಳಿಗೆ ಕಟ್ಟುವರು. ರಾಣಿಯು ಪೆಟ್ಟಿಗೆಗೆ ಸೇರಿದರೆ ಉಳಿದ ಹುಳುಗಳು ತಾವಾಗಿ ಹಿಂಬಾಲಿಸುವುವು. ಮೇವಿಗೆ ಹೋದ ಹುಳುಗಳೆಲ್ಲ ಹಿಂದಿರುಗುವವರೆಗೆ ಪೆಟ್ಟಿಗೆಯನ್ನು ಅಲ್ಲಿಯೇ ಇರಿಸಿ, ಕತ್ತಲಾದ ಮೇಲೆ ಬಾಗಿಲು ಮುಚ್ಚಿ ಸಾಗಿಸುವರು. ರಾಣಿಯು ಹೊರಬೀಳದಂತೆ ಕೆಲವು ದಿನ ಬಾಗಿಲಿಗೆ ತಡೆಯನ್ನಿಡುವರು. ಬರಿದಾದ ಜಾಗವನ್ನು ಹಲಗೆಯಿಂದ ಮರೆಮಾಡಿ ಸಂಸಾರವನ್ನು ಇಕ್ಕಟ್ಟಿನಲ್ಲಿ ಬೆಚ್ಚಗಿಡುವರು. ಪೆಟ್ಟಿಗೆಯ ಕಾಲುಗಳಿಗೆ ಇರುವೆ ಏರದಂತೆ ನೀರಿನ ಬಟ್ಟಲುಗಳನ್ನಿಡುವರು.

ಉಣಿಸಿಗೆ ಶುದ್ಧವಾದ ಬಿಳಿಯ ಸಕ್ಕರೆಯೇ ಆಗಬೇಕು. ಬೆಲ್ಲವು ಹುಳುವಿಗೆ ಅತಿಸಾರವನ್ನು ತರುವುದು. ೧೯೩೩ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾದುದು ಈ ಉದ್ಯಮವು ಹಬ್ಬುತ್ತಿದ್ದ ವರ್ಷಗಳಲ್ಲಿಯೇ ಎಂಬುದು ಸುಯೋಗ. ಕುದಿಸಿ ಇಳಿಸಿದ ನೀರಿನಲ್ಲಿ ಸಮಭಾಗ ಸಕ್ಕರೆಯನ್ನು ಕರಗಿಸಿ ಆರಿಸಿದರೆ ಎರಿ ಕಟ್ಟುವ ಹೊಸ ಹಿಂಡಿಗೆ ತಕ್ಕ ಪಾಕವಾಗುವುದು; ಚಳಿಗೆ ಕೂಡಿಟ್ಟುಕೊಳ್ಳಲಾದರೆ ನೀರಿನ ಎರಡರಷ್ಟು ಸಕ್ಕರೆ ಬೇಕು. ಬಟ್ಟಲಿನಲ್ಲಿ ಪಾಕವನ್ನು ಹೊಯ್ದು, ಹುಳು ಮುಳುಗದಂತೆ ಕಡ್ಡಿಗಳನ್ನು ತೇಲಿಬಿಡುವರು. ಕೊಲುಮೆಲ್ಲನ ಉಣ್ಣೆಯ ಯುಕ್ತಿಯೇ ಇಲ್ಲಿ ಕಡ್ಡಿಯಾಗಿ ಬಂದಿದೆ. ಹೊತ್ತು ಮುಳುಗಿದ ಮೇಲೆ, ಚೌಕಟ್ಟನ್ನು ಎತ್ತದೆ, ಒಂದು ಹನಿಯೂ ಹೊರಗೆ ಚೆಲ್ಲದಂತೆ ಕೊಡಬೇಕು; ಹಗಲಿನಲ್ಲಿ ಕೊಟ್ಟರೆ ನೆರೆಯ ಗೂಡುಗಳ ಹುಳುಗಳು ಲೂಟಿಗೆ ಬರುವುವು. ಒಳಗನ್ನು ಪರೀಕ್ಷಿಸಬೇಕಾದರೆ ನಡುಹಗಲ ಬಿಸಿಲೇ ಯೋಗ್ಯ. ಹೂವು ಅರಳಿದೊಡನೆ ಉಣಿಸನ್ನು ನಿಲ್ಲಿಸಬೇಕು. ಆಮೇಲೂ ಉಣಿಸಿದವನು ಕೊಯ್ಯುವುದು ಹೂವಿನ ಜೇನನ್ನಲ್ಲ, ತಾನೇ ಹೊಯ್ದ ಸಕ್ಕರೆಯನ್ನು. ಅದನ್ನು ಜೇನೆಂದು ಮಾರುವುದು ವಂಚನೆ.

ಈ ಕ್ರಮದ ಬೆಲೆಯು ಪೂರ್ಣವಾಗಿ ತಿಳಿದುಬಂದುದು ವಿಪತ್ತಿನಲ್ಲಿ. ೧೯೭೬ರಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಲ್ಪಟ್ಟ ಚೀಲಮರಿ ರೋಗವು ೧೯೯೧–೯೨ರಲ್ಲಿ ದಕ್ಷಿಣ ಭಾರತಕ್ಕೆ ನುಗ್ಗಿತು. ಮರಿಗಳು ನೀರು ತುಂಬಿದ ಚೀಲದಂತಾಗಿ ಎರಿಯ ಕಣ್ಣುಗಳಲ್ಲಿಯೇ ಸತ್ತುವು. ಕೇರಳ, ಕೊಡಗು, ದಕ್ಷಿಣ ಕನ್ನಡಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ತುಡುವೆ ಸಂಸಾರಗಳು ನಾಶವಾದುವೆಂದು ಹೇಳುವರು. ೧೯೬೨ರಲ್ಲಿ ಕಾಂಗಡಾ ಪ್ರಾಂತದ ನಗ್ರೋಟಾದಲ್ಲಿ ನೆಲೆಗೊಳಿಸಿದ್ದ ಯೂರೋಪಿನ ಹುಳುವು ಈ ರೋಗಕ್ಕೆ ಅಷ್ಟಾಗಿ ಬಲಿಯಾಗದ ಕಾರಣ ಆಮೇಲೆ ಬಯಲುಸೀಮೆಗಳಲ್ಲಿ ಹಬ್ಬಿತು. ತುಡುವೆಯಾದರೋ ಕಾಡಿನಲ್ಲಿ ರೋಗವನ್ನು ಗೆದ್ದು ಉಳಿದ ಹಿಂಡುಗಳಿಂದಲೇ ಮತ್ತೆ ಬೆಳೆಯಬೇಕಾಯಿತು. ಖಾಲಿಬಿದ್ದ ಪೆಟ್ಟಿಗೆಗಳಿಗೆ ಪೊಟರೆಯ ಹೊಸ ಹುಳುವನ್ನು ತಂದು, ಮೊದಲ ವಾರಗಳಲ್ಲಿ ಸಂಜೆ ಸಂಜೆಗೂ ಉಣಿಸಿ ನಿಲ್ಲಿಸಿಕೊಂಡವರ ಶ್ರಮದಿಂದ ಈ ಕಸುಬು ಮರಳಿ ಉಸಿರಾಡಿತು.

ಇಂದು ಭದ್ರಾ ನಾಲೆಯ ನೀರಿನಿಂದಲೂ ಕೊಳವೆಬಾವಿಗಳಿಂದಲೂ ಚನ್ನಗಿರಿಯ ಸುತ್ತ ಅಡಕೆಯ ತೋಟಗಳು ಹಬ್ಬಿವೆ. ಅಡಕೆಯ ಹೊಂಬಾಳೆಯು ಹುಳುವಿಗೆ ಪರಾಗವನ್ನು ಕೊಡುವುದು, ತೆಂಗೂ ಕೊಡುವುದು. ಆದರೆ ಬರಿಯ ಪರಾಗದಿಂದ ಕಣಜವು ತುಂಬದು. ತೋಟದ ಬದುವಿನ ಹೊಂಗೆ, ಹುಣಿಸೆ, ನೇರಳೆಗಳನ್ನು ಕಡಿಯದೆ ಉಳಿಸುವುದೂ ಉಣಿಸಿನ ಇನ್ನೊಂದು ರೂಪವೇ ಆಗಿದೆ. ಮರವಿದ್ದಲ್ಲಿ ಬೇಸಗೆಗೆ ಸಕ್ಕರೆಯು ಬೇಡ. ಮಳೆಯ ನಾಲ್ಕು ತಿಂಗಳಿಗೆ ಎರಿಯಲ್ಲಿ ತಕ್ಕಷ್ಟು ತುಪ್ಪವನ್ನು ಬಿಟ್ಟವನಿಗೆ ಆಗಲೂ ಅದು ಹೆಚ್ಚಾಗಿ ಬೇಡ. ಕೊಯ್ಯುವ ದಿನ ಕೈಯನ್ನು ಎಲ್ಲಿ ತಡೆಯಬೇಕೆಂಬುದನ್ನು ಅರಿತವನ ಪೆಟ್ಟಿಗೆಯಲ್ಲಿಯೇ ದೀಪಾವಳಿಯ ಹೊತ್ತಿಗೂ ಹುಳುವಿನ ಝೇಂಕಾರವು ಕೇಳುವುದು.