ನೋಟಕ್ಕೆ ಬಿದ್ದ ಬೆಲೆ: ತುಮಕೂರಿನ ಕೆರೆದಂಡೆ ಮತ್ತು ಹೊಸ ವಸತಿ

ಬೆಂಗಳೂರಿನಿಂದ ತುಮಕೂರಿಗೆ ಬರುವವರಿಗೆ ಕ್ಯಾತಸಂದ್ರ ದಾಟಿದ ಮೇಲೆ ಸಿಗುವುದು ಬಟವಾಡಿ. ಇಲ್ಲಿನ ನಿವೇಶನಗಳಿಗೆ ಬೆಲೆ ತಂದುಕೊಟ್ಟದ್ದು ಬಿ.ಎಚ್. ರಸ್ತೆ, ಹೆದ್ದಾರಿ ಮತ್ತು ಹುಣಸೆ ಮೂಟೆಗಳು ಬಂದಿಳಿಯುವ ಎಪಿಎಂಸಿ ಯಾರ್ಡು. 1963ರಲ್ಲಿ ಶುರುವಾದ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜಿನ ಪಾಲೂ ಇದರಲ್ಲಿದೆ. ಅದೇ ಊರಿನ ಅಮಾನಿಕೆರೆಯ ಆಸುಪಾಸಿನಲ್ಲಿ ಬೆಲೆಗೆ ಇನ್ನೊಂದು ಆಧಾರ ಸೇರಿಕೊಂಡಿದೆ: ನೀರು ಕಾಣುವ ಕಿಟಕಿ. ಈ ಎರಡನೆಯ ಬೆಲೆ ಎಲ್ಲಿಂದ ಬಂತು, ಅದಕ್ಕಾಗಿ ಕೆರೆ ಏನನ್ನು ಬಿಟ್ಟುಕೊಟ್ಟಿತು ಎಂಬುದು ಈ ಲೇಖನದ ವಿಚಾರ.

ಹಳೇ ಮೈಸೂರು ಸೀಮೆಯ ಕೆರೆಗೆ ಮೇಲು, ಕೆಳಗು ಎಂದು ಎರಡು ಪಕ್ಕಗಳಿವೆ. ಏರಿಯ ಕೆಳಗಿನದು ಅಚ್ಚುಕಟ್ಟು. ತೂಬಿನ ನೀರು ಹಾಯುವ ತರಿ ಜಮೀನಿಗೆ ಕಂದಾಯವೂ ಹೆಚ್ಚು, ಮರ್ಯಾದೆಯೂ ಹೆಚ್ಚು. ಮೇಲಿನ ಕೆರೆಯಂಗಳ ಬೇಸಿಗೆಯಲ್ಲಿ ದನ ಮೇಯುವ, ಗೋಡು ತೆಗೆಯುವ ಜಾಗ. ಮನೆ ಕಟ್ಟಲು ಅದನ್ನು ಯಾರೂ ಬಯಸುತ್ತಿರಲಿಲ್ಲ. ತೂಬಿನ ರಚನೆಯಲ್ಲೇ ಈ ವ್ಯವಸ್ಥೆಯ ತರ್ಕ ಕಾಣುತ್ತದೆ. ನೀರಿನಲ್ಲಿ ನಿಂತ ಎರಡು ಕಲ್ಲುಕಂಬ, ಅವುಗಳ ನಡುವೆ ತೂತು ಕೊರೆದ ಅಡ್ಡಕಲ್ಲುಗಳು, ಆ ತೂತುಗಳ ಮೂಲಕ ಇಳಿಬಿಟ್ಟ ಗೂಟ. ನೀರುಗಂಟಿ ಗೂಟ ಎತ್ತಿದರೆ ಕೆಳಗಿನ ಗದ್ದೆಗೆ ನೀರು, ಇಳಿಸಿದರೆ ಬಂದ್. ಕೆರೆ ತುಂಬುವುದು ಎಷ್ಟು ಮುಖ್ಯವೋ ಬರಿದಾಗುವುದೂ ಅಷ್ಟೇ ಮುಖ್ಯ. ಬರಿದಾಗದೆ ಹೂಳು ಎತ್ತುವುದು ಹೇಗೆ?

ನೋಟದ ಸುಖವೇನೂ ಹೊಸದಲ್ಲ. ಪಕ್ಕದ ಕುಣಿಗಲ್ಲಿನ ದೊಡ್ಡಕೆರೆಯ ಚೆಲುವನ್ನು ಹಾಡುವ ಜನಪದ ಗೀತೆ ನಾಡಿಗೆಲ್ಲ ಗೊತ್ತು. ಆದರೆ ಹಾಡಿದವರು ಆ ನೋಟವನ್ನು ಚದರಡಿ ಲೆಕ್ಕದಲ್ಲಿ ಮಾರಲಿಲ್ಲ. ನೋಟ ಸ್ವತ್ತಾಗಬೇಕಾದರೆ ಕೆರೆಯನ್ನು ನೀರಿಗಾಗಿ ನಂಬಿದವರು ಮೊದಲು ತೆರಳಬೇಕು. ನನ್ನ ವಾದ ಇಷ್ಟೇ. ಗದ್ದೆ ಬಡಾವಣೆಯಾಗುವುದು 1964ರ ಭೂಕಂದಾಯ ಅಧಿನಿಯಮದ 95ನೇ ಪ್ರಕರಣದಡಿ ನಡೆಯುವ ಭೂಪರಿವರ್ತನೆಯಿಂದ. ಪರಿವರ್ತನೆಯಾದ ಮೇಲೆ ಆ ಜಮೀನಿನ ಪರವಾಗಿ ತೂಬು ಎತ್ತಿ ಎಂದು ಕೇಳುವ ರೈತ ಉಳಿಯುವುದಿಲ್ಲ. ಕೇಳುವವರಿಲ್ಲದ ಕೆರೆಯಲ್ಲಿ ನೀರು ನಿಲ್ಲುತ್ತದೆ, ನಿಂತ ನೀರಿಗೆ ನೋಡುಗರು ಬರುತ್ತಾರೆ.

ಬೆಂಗಳೂರಿನ ಸದಾಶಿವನಗರವನ್ನು ಇಲ್ಲಿ ಹೋಲಿಸಿ ನೋಡಬಹುದು. ಮೊದಲು ಪ್ಯಾಲೇಸ್ ಅಪ್ಪರ್ ಆರ್ಚರ್ಡ್ಸ್ ಎನಿಸಿಕೊಂಡು, ಆಮೇಲೆ ಕಾರ್ನಾಡು ಸದಾಶಿವರಾಯರ ಹೆಸರು ಪಡೆದ ಈ ಸಿರಿವಂತರ ಬಡಾವಣೆಯ ಮಗ್ಗುಲಲ್ಲೇ ಸ್ಯಾಂಕಿ ಕೆರೆಯಿದೆ. 1882ರಲ್ಲಿ ರಿಚರ್ಡ್ ಸ್ಯಾಂಕಿ ಅದನ್ನು ಕಟ್ಟಿಸಿದ್ದು ಗದ್ದೆಗಳಿಗಾಗಿ ಅಲ್ಲ, ದಂಡು ಪ್ರದೇಶದ ಕುಡಿಯುವ ನೀರಿಗಾಗಿ. ಅಚ್ಚುಕಟ್ಟಿನ ಹಂಗಿಲ್ಲದ ಕೆರೆಯ ಪಕ್ಕ ಇಂಥ ವಸತಿ ಬೆಳೆದದ್ದು ಆಕಸ್ಮಿಕವೆಂದು ನನಗನಿಸುವುದಿಲ್ಲ.

ತುಮಕೂರಿನ ಅಮಾನಿಕೆರೆಗೆ ಈ ತಿರುವು ಬಂದದ್ದು ತೀರ ಈಚೆಗೆ. 2016ರ ಸೆಪ್ಟೆಂಬರಿನಲ್ಲಿ ನಗರ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಕೆರೆಯಂಚಿನ ಅಭಿವೃದ್ಧಿ ಆ ಯೋಜನೆಯ ಭಾಗವಾಯಿತು. ಉದ್ಯಾನ, ನಡಿಗೆಪಥ, ಗಾಜಿನ ಮನೆಗಳ ಜೊತೆಗೆ ಕೆರೆ ತುಂಬಿಯೇ ಇರಬೇಕೆಂಬ ನಿರೀಕ್ಷೆಯೂ ಬಂತು. ಗೊರೂರಿನಿಂದ ನಾಲೆಯಲ್ಲಿ ಹರಿದು ಬಂದು ಬುಗುಡನಹಳ್ಳಿಯಲ್ಲಿ ನಿಲ್ಲುವ ಹೇಮಾವತಿ ನೀರು ನಗರದ ನಲ್ಲಿಗಳಿಗೆ ಆಧಾರ. ಅದರಲ್ಲೇ ಅಮಾನಿಕೆರೆಯನ್ನೂ ತುಂಬಿಸುವ ಯೋಜನೆ ಬಂತು. ಇದೇ ಹೇಮಾವತಿಗಾಗಿ, ಕುಣಿಗಲ್ ಕಡೆಗೆ ಹೋಗುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಬೇಡವೆಂದು 2025ರಲ್ಲಿ ಗುಬ್ಬಿ ತಾಲ್ಲೂಕಿನ ರೈತರು ಬೀದಿಗಿಳಿದರು. ನಗರದ ಕೆರೆಯ ನೀರಿನ ಮಟ್ಟವನ್ನು ಈ ಜಗಳದಿಂದ ಹೊರಗಿಟ್ಟು ಚರ್ಚಿಸುವುದು ಸಾಧ್ಯವಿಲ್ಲ.

ಕಾನೂನಿನ ಪಾತ್ರ ಇನ್ನೂ ಸ್ವಾರಸ್ಯಕರ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಮೀಸಲು ವಲಯ ಬಿಡಬೇಕೆಂದು 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಬಿಲ್ಡರುಗಳು ಇಂಥ ಮೀಸಲು ವಲಯವನ್ನು ನಷ್ಟವೆಂದೇ ವಾದಿಸುತ್ತ ಬಂದಿದ್ದಾರೆ. ಮೊದಲ ಸಾಲಿನ ಮನೆಯವರಿಗೆ ಮಾತ್ರ ಅದು ಪುಕ್ಕಟೆ ವಿಮೆ: ತಮ್ಮ ಮುಂದೆ ಇನ್ನೊಂದು ಮನೆ ಎದ್ದು ನೋಟ ಮರೆಯಾಗುವ ಭಯವಿಲ್ಲ. ಕೆರೆ ಉಳಿಸುವ ನಿಯಮವೇ ಕೆರೆದಂಡೆಯ ಬೆಲೆ ಏರಿಸುತ್ತದೆ, ಏರಿದ ಬೆಲೆ ಒತ್ತುವರಿಗೆ ಆಸೆ ಹುಟ್ಟಿಸುತ್ತದೆ.

ಕೋಡಿಯ ವಿಷಯವನ್ನು ಹೊಸ ನಿವಾಸಿಗಳು ಹೆಚ್ಚಾಗಿ ಕೇಳುವುದೇ ಇಲ್ಲ. ಒಂದು ಕೆರೆ ಕೋಡಿ ಬಿದ್ದರೆ ಆ ನೀರು ರಾಜಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗಬೇಕು. ಕಾಲುವೆಯ ಮೇಲೆ ಮನೆ ಎದ್ದಿದ್ದರೆ ನೀರು ಮನೆಯೊಳಗೇ ದಾರಿ ಮಾಡಿಕೊಳ್ಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ದುಬಾರಿ ವಿಲ್ಲಾ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರತರಬೇಕಾಯಿತು. ಸದಾ ತುಂಬಿದ ಕೆರೆಯಲ್ಲಿ ಮಳೆನೀರಿಗೆ ಜಾಗ ಉಳಿದಿರುವುದಿಲ್ಲವಾದ್ದರಿಂದ ಅದು ಬೇಗ ಕೋಡಿ ಬೀಳುತ್ತದೆ. ಆದ್ದರಿಂದ ಅಮಾನಿಕೆರೆಯ ಅಧ್ಯಯನ ಇನ್ನು ಏರಿಯಿಂದ ಕೆಳಕ್ಕೆ ನಡೆಯಬೇಕು. ಮೋಜಣಿ ನಕ್ಷೆಯ ಕಾಲುವೆಗಳನ್ನೂ ಕ್ರಯಪತ್ರಗಳ ಚಕ್ಕುಬಂದಿಯನ್ನೂ ಅಕ್ಕಪಕ್ಕ ಇಟ್ಟು ಓದಿದರೆ, ಯಾವ ಸರ್ವೆ ನಂಬರಿನಲ್ಲಿ ಕಾಲುವೆ ಹೋಗಿ ರಸ್ತೆ ಬಂತೆಂದು ವರ್ಷಸಹಿತ ಗುರುತಿಸಬಹುದು.